ನಿಂತ ಕಾರಿಗೂ ಬೆಂಕಿ ಹತ್ತುತ್ತದೆಯೇ? ಬ್ರೇಕ್ ರೀಕಾಲ್ ಬಗ್ಗೆ ಓದುಗರ ಪ್ರಶ್ನೆಗಳು

ಬ್ರೇಕಿನ ದೋಷದಿಂದ ಹತ್ತುವ ಬೆಂಕಿ, ಅದಕ್ಕಾಗಿ ಕಂಪನಿಗಳು ವಾಹನಗಳನ್ನು ರಿಪೇರಿಗೆ ವಾಪಸ್ ಕರೆಸಿಕೊಳ್ಳುವ ಕ್ರಮ, ಅಂದರೆ ರೀಕಾಲ್: ಈ ಎರಡರ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಒಟ್ಟಿಗೆ ಉತ್ತರಿಸಿದ್ದೇವೆ.

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 2013ರ ಕಿಯಾ ಆಪ್ಟಿಮಾ ಇದೆ. ರಿಪೇರಿ ಆಗುವವರೆಗೆ ಕಾರನ್ನು ಮನೆಯಿಂದ ದೂರ, ಬಯಲಲ್ಲಿ ನಿಲ್ಲಿಸಿ ಎಂದು ಹಳೆಯ ಮಾಲೀಕರಿಗೆ ಪತ್ರ ಬಂದಿತ್ತಂತೆ. ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿದೆ. ಆಫ್ ಮಾಡಿ ನಿಲ್ಲಿಸಿದ ಕಾರಿಗೆ ಬ್ರೇಕಿನಿಂದ ಬೆಂಕಿ ಹೇಗೆ ಹತ್ತುತ್ತದೆ? (ಡಲ್ಲಾಸ್)

ಉತ್ತರ: ಬ್ರೇಕ್ ಚೆನ್ನಾಗಿ ಹಿಡಿಯುತ್ತಿದೆ ಎಂಬ ಕಾರಣಕ್ಕೇ ಬಹಳ ಜನ ಈ ಪತ್ರವನ್ನು ಪಕ್ಕಕ್ಕಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲಿ ದೋಷವಿರುವುದು ಚಕ್ರದ ಬಳಿಯಲ್ಲಿ ಅಲ್ಲ, ಬಾನೆಟ್ ಕೆಳಗಿರುವ ಎಬಿಎಸ್ ಘಟಕದಲ್ಲಿ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ಘಟಕವದು.

ಆ ಘಟಕದಲ್ಲಿ ಮೂರು ಭಾಗಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಡುವೆ ಬ್ರೇಕ್ ಆಯಿಲ್ ಹರಿಯುವ ಅಲ್ಯೂಮಿನಿಯಂ ಗಟ್ಟಿ, ಒಂದು ಬದಿಗೆ ಪಂಪ್ ತಿರುಗಿಸುವ ಮೋಟಾರು, ಇನ್ನೊಂದು ಬದಿಗೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡು. ದ್ರವ ಮತ್ತು ವಿದ್ಯುತ್ತಿನ ನಡುವೆ ಇರುವುದು ಸಣ್ಣ ರಬ್ಬರ್ ಸೀಲುಗಳಷ್ಟೇ. ಕಿಯಾದ ಸಹ ಕಂಪನಿ ಹ್ಯುಂಡೈ ಕೊಟ್ಟ ವಿವರಣೆಯಂತೆ, ಬ್ರೇಕ್ ಆಯಿಲಿನಲ್ಲಿ ಸೇರಿದ ತೇವ, ಕೊಳೆ ಮತ್ತು ಕರಗಿದ ಲೋಹದ ಅಂಶಗಳಿಂದ ಮೋಟಾರಿನ ಶಾಫ್ಟಿನ ಓ-ರಿಂಗ್ ಎಂಬ ದುಂಡು ಸೀಲು ವರ್ಷಗಳು ಕಳೆದಂತೆ ಬಿಗಿ ಕಳೆದುಕೊಳ್ಳುತ್ತದೆ. ದ್ರವ ಒಳಗೊಳಗೇ ಜಿನುಗಿ ವಿದ್ಯುತ್ ಭಾಗಕ್ಕೆ ತಾಗಿದರೆ ಶಾರ್ಟ್ ಆಗುತ್ತದೆ. ಎಬಿಎಸ್ ಘಟಕಕ್ಕೆ ಬ್ಯಾಟರಿಯಿಂದ ನೇರ ಸಂಪರ್ಕವಿರುವುದರಿಂದ ಬೀಗದ ಕೈ ತೆಗೆದ ಮೇಲೂ ಅದರ ಟರ್ಮಿನಲ್ಲಿನಲ್ಲಿ 12 ವೋಲ್ಟ್ ಇದ್ದೇ ಇರುತ್ತದೆ. ಹೀಗಾಗಿ ನೀವು ಮಲಗಿದ ಮೇಲೆ, ಕಾರು ನಿಂತು ಗಂಟೆಗಳಾದ ಮೇಲೆ, ಅದು ನಿಧಾನಕ್ಕೆ ಕಾದು ಕರಗಿ ಹೊತ್ತಿಕೊಳ್ಳಬಹುದು. ಬ್ರೇಕ್ ಆಯಿಲ್ ಕೂಡ ಉರಿಯುವ ವಸ್ತುವೇ.

ನಿಮ್ಮ ಪತ್ರ 2023ರ ಸೆಪ್ಟೆಂಬರಿನ ರೀಕಾಲ್‌ಗೆ ಸೇರಿದ್ದು. ಅಂದು ಅಮೆರಿಕದಲ್ಲಿ ಹ್ಯುಂಡೈ ಸುಮಾರು 16.4 ಲಕ್ಷ, ಕಿಯಾ ಸುಮಾರು 17.3 ಲಕ್ಷ, ಒಟ್ಟು 33 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಕರೆಸಿದವು. ಹ್ಯುಂಡೈ ತನ್ನ ಲೆಕ್ಕದಲ್ಲಿ 21 ಬೆಂಕಿ ಪ್ರಕರಣ ಮತ್ತು ಹೊಗೆ, ಸುಡುವಿಕೆ, ಕರಗುವಿಕೆಯಂಥ 22 ಪ್ರಕರಣಗಳನ್ನು ತೋರಿಸಿತು. ಕಿಯಾ ಬೆಂಕಿ ಮತ್ತು ಕರಗಿದ ಪ್ರಕರಣ ಸೇರಿ ಕನಿಷ್ಠ 10 ಎಂದಿತು. ಯಾರಿಗೂ ಗಾಯವಾದ ವರದಿ ಆಗ ಇರಲಿಲ್ಲ. 2011ರಿಂದ 2015ರವರೆಗಿನ ಆಪ್ಟಿಮಾ, ಎಲಾಂಟ್ರಾ, 2012ರಿಂದ 2017ರವರೆಗಿನ ರಿಯೊ, 2011ರಿಂದ 2014ರವರೆಗಿನ ಸೊರೆಂಟೊ, 2010ರಿಂದ 2013ರವರೆಗಿನ ಟೂಸಾನ್, ಸ್ಪೋರ್ಟೇಜ್ ಆ ಪಟ್ಟಿಯಲ್ಲಿವೆ. ನಮ್ಮವರು ಅಲ್ಲಿಗೆ ಓದಲು ಹೋದಾಗ, ಹೊಸದಾಗಿ ಕೆಲಸಕ್ಕೆ ಸೇರಿದಾಗ ಅಗ್ಗಕ್ಕೆ ಕೊಳ್ಳುವುದು ಹೆಚ್ಚಾಗಿ ಇಂಥ ಕಾರುಗಳನ್ನೇ. ಅದಕ್ಕಾಗಿಯೇ ಮಾದರಿಗಳ ಹೆಸರು ಹೇಳಿದ್ದೇವೆ.

ಈಗ ಮಾಡಬೇಕಾದ್ದು. ಇವತ್ತು ರಾತ್ರಿಯಿಂದಲೇ ಕಾರನ್ನು ಗ್ಯಾರೇಜಿನೊಳಗೆ ಇಡಬೇಡಿ. ಅಲ್ಲಿನ ಗ್ಯಾರೇಜು ಮನೆಗೆ ಅಂಟಿಕೊಂಡೇ ಇರುತ್ತದೆ, ಎಷ್ಟೋ ಮನೆಗಳಲ್ಲಿ ಅದರ ಮೇಲೆಯೇ ಮಲಗುವ ಕೋಣೆ. ಗೋಡೆ, ಸೂರು, ಮರ, ಇನ್ನೊಂದು ಕಾರು ಯಾವುದಕ್ಕೂ ಒತ್ತದಂತೆ ಬಯಲಲ್ಲಿ ನಿಲ್ಲಿಸಿ. ಆಮೇಲೆ ಡ್ಯಾಶ್‌ಬೋರ್ಡಿನ ಎಡ ಮೂಲೆಯಲ್ಲಿ, ಮುಂದಿನ ಗಾಜಿನ ಕೆಳಗೆ ಕಾಣುವ 17 ಅಕ್ಷರ-ಅಂಕಿಗಳ ಸಂಖ್ಯೆಯನ್ನು ಬರೆದುಕೊಂಡು ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತದ ಜಾಲತಾಣದಲ್ಲಿ ಹಾಕಿ ನೋಡಿ. ಆ ಸಂಖ್ಯೆಯಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದಿಲ್ಲ. ದುಂಡಗೆ ಕಂಡದ್ದು ಸೊನ್ನೆಯೇ. ಇನ್ನೂ ಆಗದೆ ಉಳಿದ ರಿಪೇರಿಗಳನ್ನು ಮಾತ್ರ ಅಲ್ಲಿ ತೋರಿಸುತ್ತಾರೆ.

ರೀಕಾಲ್ ಕಾರಿಗೆ ಅಂಟಿಕೊಂಡಿರುತ್ತದೆ, ಮಾಲೀಕರಿಗಲ್ಲ. ನೀವು ಎಷ್ಟನೆಯ ಮಾಲೀಕರಾದರೂ ರಿಪೇರಿ ಪುಕ್ಕಟೆ, ವಾರಂಟಿ ಮುಗಿದಿದ್ದರೂ ಪುಕ್ಕಟೆ. ಕಾರು ಮೊದಲ ಸಲ ಮಾರಾಟವಾಗಿ 15 ವರ್ಷದೊಳಗೆ ರೀಕಾಲ್ ಘೋಷಣೆಯಾಗಿರಬೇಕು, ಅಷ್ಟೇ. ಡೀಲರಿನಲ್ಲಿ ನಿಮ್ಮ ಹೆಸರು, ವಿಳಾಸ ಬರೆಸಿ. ಮುಂದಿನ ಪತ್ರ ಹಳೆಯ ಮಾಲೀಕರಿಗೆ ಹೋಗದೆ ನಿಮಗೆ ಬರಬೇಕಲ್ಲ.

ಓಡಿಸಬಹುದೇ ಎಂದರೆ, ಓಡಿಸಲು ಅಡ್ಡಿಯಿಲ್ಲವೆಂದೇ ಕಂಪನಿಗಳು ಹೇಳಿದ್ದವು. ಆದರೆ ಎಬಿಎಸ್ ದೀಪ ಹತ್ತಿದರೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ, ಬ್ರೇಕ್ ಆಯಿಲಿನ ಮಟ್ಟ ಇಳಿದಿದ್ದರೆ ಆ ಕ್ಷಣದಿಂದ ಓಡಿಸಬೇಡಿ. ಟೋಯಿಂಗ್ ಮಾಡಿಸಿಯೇ ಡೀಲರಿಗೆ ಕಳಿಸಿ.

ಪ್ರಶ್ನೆ: ನಮ್ಮ 2012ರ ಎಲಾಂಟ್ರಾವನ್ನು ಇದೇ ರೀಕಾಲ್‌ಗೆ ಕೊಟ್ಟಿದ್ದೆವು. ಒಂದು ಫ್ಯೂಸ್ ಬದಲಿಸಿ ವಾಪಸ್ ಕೊಟ್ಟರು. ಎಬಿಎಸ್ ಘಟಕವನ್ನು ಮುಟ್ಟಲೇ ಇಲ್ಲ. ಕಣ್ಣೊರೆಸುವ ಕೆಲಸವೇ? (ಸ್ಯಾನ್ ಹೋಸೆ)

ಉತ್ತರ: ಕಣ್ಣೊರೆಸುವ ಕೆಲಸವಲ್ಲ, ಆದರೆ ಪೂರ್ಣ ಪರಿಹಾರವೂ ಅಲ್ಲ. ಹೊಸ ಫ್ಯೂಸ್ ಹಳೆಯದಕ್ಕಿಂತ ಕಡಿಮೆ ಆಂಪಿಯರಿನದು. ಒಳಗೆ ಶಾರ್ಟ್ ಶುರುವಾದಾಗ ಹರಿಯುವ ಕರೆಂಟು ಮೊದಮೊದಲು ಹಳೆಯ ಫ್ಯೂಸಿನ ಮಿತಿಗಿಂತ ಕಡಿಮೆಯೇ ಇರಬಹುದು. ಹಾಗಾದಾಗ ಫ್ಯೂಸ್ ಸುಡುವುದಿಲ್ಲ, ಬೋರ್ಡು ಮಾತ್ರ ಹೀಟರಿನಂತೆ ಕಾಯುತ್ತಲೇ ಇರುತ್ತದೆ. ಸಣ್ಣ ಫ್ಯೂಸ್ ಇದ್ದರೆ ಬೆಂಕಿಯ ಹಂತಕ್ಕೆ ಮುಟ್ಟುವ ಮೊದಲೇ ಸುಟ್ಟು ಸಂಪರ್ಕ ಕಡಿಯುತ್ತದೆ. ಬೆಂಕಿಯ ಅಪಾಯ ನಿಜವಾಗಿಯೂ ತಗ್ಗುತ್ತದೆ. ಓ-ರಿಂಗ್ ಮಾತ್ರ ಹಳೆಯದೇ. ಜಿನುಗುವುದು ಜಿನುಗುತ್ತಲೇ ಇರುತ್ತದೆ.

ಈ ಉಪಾಯಕ್ಕೆ ಹಳೆಯ ಮೇಲ್ಪಂಕ್ತಿಯಿದೆ. ಅಮೆರಿಕದ ಫೋರ್ಡ್ ಕಾರು, ಪಿಕಪ್‌ಗಳಲ್ಲಿ ಬ್ರೇಕ್ ಒತ್ತಿದಾಗ ಕ್ರೂಸ್ ಕಂಟ್ರೋಲನ್ನು (ಕಾಲಿಡದೆಯೇ ಒಂದೇ ವೇಗ ಕಾಯ್ದುಕೊಳ್ಳುವ ವ್ಯವಸ್ಥೆ) ಕಡಿತಗೊಳಿಸುವ ಒಂದು ಪ್ರೆಶರ್ ಸ್ವಿಚ್ ಇತ್ತು. ಒಂದು ಕಡೆ ಬ್ರೇಕ್ ಆಯಿಲಿನ ಒತ್ತಡ, ಇನ್ನೊಂದು ಕಡೆ ಸದಾ ಕರೆಂಟಿರುವ ತಾಮ್ರದ ಸಂಪರ್ಕ, ನಡುವೆ ತೆಳುವಾದ ಪ್ಲಾಸ್ಟಿಕ್ ಪೊರೆ. ಪೊರೆ ಬಿರುಕು ಬಿಟ್ಟು ನಿಂತ ವಾಹನಗಳೇ ಸುಟ್ಟವು, ಜೊತೆಗೆ ಮನೆಗಳೂ. 1999ರಲ್ಲಿ ಶುರುವಾದ ಆ ರೀಕಾಲ್ ಸರಣಿ 2009ರ ಅಕ್ಟೋಬರಿನಲ್ಲಿ ಕೊನೆಯ 45 ಲಕ್ಷ ವಾಹನ ಸೇರಿದಾಗ 1.4 ಕೋಟಿ ದಾಟಿತು. ಅಲ್ಲಿಯೂ ಮಾಡಿದ ಮುಖ್ಯ ಪರಿಹಾರವೆಂದರೆ ಫ್ಯೂಸ್ ಇರುವ ಒಂದು ತುಂಡು ವೈರಿಂಗನ್ನು ನಡುವೆ ಸೇರಿಸುವುದು. ದ್ರವ ಮತ್ತು ಕರೆಂಟು ಒಂದೇ ಡಬ್ಬಿಯಲ್ಲಿ ಕೂತ ಕಡೆ ಫ್ಯೂಸೇ ಕೊನೆಯ ಕಾವಲುಗಾರ.

ಹ್ಯುಂಡೈ, ಕಿಯಾ ಎಬಿಎಸ್ ವಿಷಯದಲ್ಲಿ 2016ರಿಂದ ನಡೆದ 16 ರೀಕಾಲ್‌ಗಳು, ಸುಮಾರು 64 ಲಕ್ಷ ವಾಹನಗಳು, ಅವುಗಳಿಗೆ ಕೊಟ್ಟ ಬೇರೆಬೇರೆ ಬಗೆಯ ಪರಿಹಾರಗಳು, ಇವೆಲ್ಲ ಸಾಕೇ ಎಂಬುದನ್ನು ಪರಿಶೀಲಿಸಲು ಅಮೆರಿಕದ ಸುರಕ್ಷತಾ ಸಂಸ್ಥೆಯೇ 2023ರ ನವೆಂಬರಿನಲ್ಲಿ ತನಿಖೆ ತೆರೆಯಿತು. ಅಂದರೆ ನಿಮ್ಮ ಅನುಮಾನ ಅಸಂಬದ್ಧವಲ್ಲ.

ನೀವು ಮಾಡಬೇಕಾದ್ದು ಇಷ್ಟು. ಪ್ರತಿ ತಿಂಗಳು ಸಮತಟ್ಟಾದ ಜಾಗದಲ್ಲಿ ಬ್ರೇಕ್ ಆಯಿಲಿನ ಮಟ್ಟ ನೋಡಿ, ಡಬ್ಬಿಯ ಮೇಲೆ ಮಾರ್ಕರಿನಿಂದ ಗೆರೆ ಎಳೆದು ದಿನಾಂಕ ಬರೆಯಿರಿ. ಪ್ಯಾಡ್ ಸವೆದಂತೆ ಮಟ್ಟ ಬಹಳ ನಿಧಾನಕ್ಕೆ ಇಳಿಯುವುದು ಸಹಜ. ಒಂದೆರಡು ತಿಂಗಳಲ್ಲೇ ಕಣ್ಣಿಗೆ ಕಾಣುವಷ್ಟು ಇಳಿದು, ಚಕ್ರ, ಪೈಪು, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ದ್ರವವನ್ನು ಚಕ್ರಗಳಿಗೆ ತಳ್ಳುವ ಭಾಗ) ಎಲ್ಲಿಯೂ ಒದ್ದೆ ಕಾಣದಿದ್ದರೆ, ಆ ದ್ರವ ಕಾಲಿನ ಬಲ ಹೆಚ್ಚಿಸುವ ಬ್ರೇಕ್ ಬೂಸ್ಟರಿನೊಳಗೆ ಹೋಗಿರಬೇಕು, ಇಲ್ಲವೇ ಎಬಿಎಸ್ ಘಟಕದೊಳಗೆ. ಬರೀ ಟಾಪ್-ಅಪ್ ಮಾಡಿ ಮುಂದೆ ಹೋಗಬೇಡಿ. ಹಾಗೆಯೇ ಆ ಹೊಸ ಫ್ಯೂಸ್ ಯಾವತ್ತಾದರೂ ಸುಟ್ಟರೆ, ಅದರ ಜಾಗಕ್ಕೆ ದೊಡ್ಡ ಫ್ಯೂಸ್ ಹಾಕಲು ಯಾರಿಗೂ ಬಿಡಬೇಡಿ. ಅದು ಸುಟ್ಟಿತೆಂದರೆ ತನ್ನ ಕೆಲಸ ಮಾಡಿತು ಎಂದರ್ಥ. ಘಟಕ ಬದಲಿಸುವ ಹೊತ್ತು ಬಂದಿದೆ.

ಪ್ರಶ್ನೆ: ಅಮೆರಿಕದಲ್ಲಿ ಕರೆಸಿಕೊಂಡರೆ ಇಲ್ಲಿನ ನಮ್ಮ ಕಾರಿಗೂ ಅದು ಅನ್ವಯಿಸುತ್ತದೆಯೇ? ಹೆಸರು ಒಂದೇ ಇದೆ. (ಮೈಸೂರು)

ಉತ್ತರ: ತಾನಾಗಿ ಅನ್ವಯಿಸುವುದಿಲ್ಲ. ಹೆಸರು ಒಂದೇ ಇದ್ದರೂ ಕಾರ್ಖಾನೆ, ಬಿಡಿಭಾಗ ಕೊಟ್ಟವರು, ತಯಾರಾದ ತಿಂಗಳು ಬೇರೆ ಇರುತ್ತದೆ. ರೀಕಾಲ್ ಎಂಬುದು ಮಾದರಿಯ ಹೆಸರಿನ ಮೇಲೆ ನಡೆಯುವುದಲ್ಲ, ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಭಾಗ ಹಾಕಿಸಿಕೊಂಡ ವಾಹನಗಳ ಮೇಲೆ. ನಮ್ಮಲ್ಲಿನ ಒಂದು ಉದಾಹರಣೆ: 2022ರ ಅಕ್ಟೋಬರಿನಲ್ಲಿ ಮಾರುತಿ ಸುಜುಕಿ ವ್ಯಾಗನ್ ಆರ್, ಸೆಲೆರಿಯೊ, ಇಗ್ನಿಸ್‌ಗಳ ಪೈಕಿ 9,925 ಕಾರುಗಳನ್ನು ಹಿಂದಿನ ಬ್ರೇಕಿನ ಒಂದು ಪಿನ್ನಿಗಾಗಿ ಕರೆಸಿತು. ಅವೆಲ್ಲ ಆ ವರ್ಷದ ಆಗಸ್ಟ್ 3ರಿಂದ ಸೆಪ್ಟೆಂಬರ್ 1ರೊಳಗೆ ತಯಾರಾದವು. 2021ರ ಡಿಸೆಂಬರಿನಲ್ಲಿ ರಾಯಲ್ ಎನ್‌ಫೀಲ್ಡ್ 26,300 ಕ್ಲಾಸಿಕ್ 350 ಬೈಕುಗಳನ್ನು ಕರೆಸಿದ್ದು ಹಿಂದಿನ ಬ್ರೇಕಿನ ಒಂದು ಬ್ರಾಕೆಟ್ಟಿಗಾಗಿ. ಇವೆರಡರಲ್ಲಿಯೂ ಬೆಂಕಿಯ ಮಾತಿರಲಿಲ್ಲ.

ನಿಮ್ಮ ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಕಂಪನಿಯ ಜಾಲತಾಣದ ರೀಕಾಲ್ ಪುಟದಲ್ಲಿ ಹಾಕಿ ನೋಡಿ, ಇಲ್ಲವೇ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಹಳೆಯ ಕಾರು ಕೊಳ್ಳುವವರು ಅಡ್ವಾನ್ಸ್ ಕೊಡುವ ಮೊದಲೇ ಈ ಕೆಲಸ ಮಾಡಲಿ. ಕೊಂಡ ಮೇಲೆ ಕಂಪನಿಯ ದಾಖಲೆಯಲ್ಲಿ ಮೊಬೈಲ್ ನಂಬರ್ ಬದಲಿಸಿಕೊಳ್ಳಿ. ನಮ್ಮಲ್ಲಿ ರೀಕಾಲ್ ಸುದ್ದಿ ಮುಟ್ಟುವುದು ಹೆಚ್ಚಾಗಿ ಫೋನ್ ಕರೆ, ಸಂದೇಶಗಳಿಂದ. ಅವು ಹಳೆಯ ಮಾಲೀಕರಿಗೆ ಹೋಗಿ ಅಲ್ಲೇ ಉಳಿಯುತ್ತವೆ.

ಪ್ರಶ್ನೆ: ಸುಮಾರು 30 ಕಿ.ಮೀ. ಓಡಿಸಿದರೆ ಮುಂದಿನ ಎಡ ಚಕ್ರದಿಂದ ಸುಟ್ಟ ವಾಸನೆ, ಒಮ್ಮೆ ಹೊಗೆಯೂ ಬಂತು. ಗ್ಯಾರೇಜಿನಲ್ಲಿ ಎರಡು ಸಲ ಪ್ಯಾಡ್ ಬದಲಿಸಿದರು. ಮತ್ತೆ ಅದೇ ಕತೆ. ಯಾವ ರೀಕಾಲೂ ಇಲ್ಲ. (ಶಿವಮೊಗ್ಗ)

ಉತ್ತರ: ಪ್ಯಾಡ್ ಇಲ್ಲಿ ಪೆಟ್ಟು ತಿಂದದ್ದು, ಪೆಟ್ಟು ಕೊಟ್ಟದ್ದಲ್ಲ. ಬ್ರೇಕ್ ಬಿಟ್ಟ ಮೇಲೂ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಹಿಡಿಕೆ, ಡಿಸ್ಕನ್ನು ಹಿಡಿದೇ ಇದೆ. ಗ್ಯಾರೇಜಿನವರು ಬ್ರೇಕ್ ಜಾಮ್ ಎನ್ನುವುದು ಇದನ್ನೇ. ಸರಿಯಾದ ಬ್ರೇಕಿನಲ್ಲಿ ಪಿಸ್ಟನ್ನಿನ ಸುತ್ತಲ ಚೌಕ ಅಂಚಿನ ರಬ್ಬರ್ ರಿಂಗ್ ಪೆಡಲ್ ಒತ್ತಿದಾಗ ಕೊಂಚ ತಿರುಚಿಕೊಂಡು, ಬಿಟ್ಟಾಗ ಮತ್ತೆ ನೆಟ್ಟಗಾಗಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಅಷ್ಟು ಸಾಲದಿದ್ದರೆ ಡಿಸ್ಕ್ ಉಜ್ಜುತ್ತಲೇ ಇರುತ್ತದೆ, ಶಾಖ ನೂರಾರು ಡಿಗ್ರಿಗೆ ಏರುತ್ತದೆ. ಹಬ್ಬಿನ ಗ್ರೀಸ್ ಕರಗಿ ಹರಿಯುತ್ತದೆ, ರಬ್ಬರ್ ಹೋಸ್ ಸುಡುತ್ತದೆ. ಸೋರಿದ ಬ್ರೇಕ್ ಆಯಿಲ್ ಕೆಂಪಗೆ ಕಾದ ಡಿಸ್ಕಿನ ಮೇಲೆ ಬಿದ್ದರೆ ಹೊತ್ತಿಕೊಳ್ಳುತ್ತದೆ, ಅಲ್ಲಿಂದ ಟೈರಿಗೆ.

ಯಾರು ಅಪರಾಧಿ ಎಂದು ತಿಳಿಯುವ ಪರೀಕ್ಷೆಗೆ ಕಾಲು ಗಂಟೆ ಸಾಕು. ಕಾರು ಓಡಿಸಿ, ಜಾಮ್ ಆಗಿರುವಾಗಲೇ ಮುಂದಿನ ಎಡ ಚಕ್ರವನ್ನು ಜ್ಯಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು, ಗೇರ್ ನ್ಯೂಟ್ರಲ್ಲಿನಲ್ಲಿಟ್ಟು ಕೈಯಿಂದ ತಿರುಗಿಸಿ ನೋಡಿ. ಬಿಗಿಯಾಗಿರುತ್ತದೆ. ಈಗ ಕ್ಯಾಲಿಪರಿನ ಬ್ಲೀಡರ್ ನಿಪ್ಪಲ್ಲಿಗೆ (ದ್ರವ, ಗಾಳಿ ಹೊರಬಿಡುವ ಸಣ್ಣ ತಿರುಪು) ಪಾರದರ್ಶಕ ಪೈಪು ಹಾಕಿ ಕಾಲು ಸುತ್ತು ಸಡಿಲಿಸಿ. ಕನ್ನಡಕ, ಕೈಗವಸು ಹಾಕಿಕೊಳ್ಳಿ, ದ್ರವ ಬಿಸಿಯಿರುತ್ತದೆ.

ದ್ರವ ಚಿಮ್ಮಿ ಚಕ್ರ ಸಡಿಲಾದರೆ ಒತ್ತಡ ಒಳಗೆ ಸಿಕ್ಕಿಹಾಕಿಕೊಂಡಿತ್ತು ಎಂದಾಯಿತು. ಒಂದೇ ಚಕ್ರದಲ್ಲಿ ಹೀಗಾಗಿದ್ದರೆ ಅನುಮಾನ ರಬ್ಬರ್ ಹೋಸಿನ ಮೇಲೆ. ಹೊರಗಿನಿಂದ ಹೊಸದರಂತೆ ಕಂಡರೂ ಅದರ ಒಳಪದರ ಎದ್ದು ಒಮ್ಮುಖ ಬಾಗಿಲಿನಂತೆ ಆಗಿರುತ್ತದೆ: ಕಾಲಿನ ಬಲಕ್ಕೆ ದ್ರವ ಒಳಗೆ ಹೋಗುತ್ತದೆ, ಹಿಂದೆ ಬರುವುದಿಲ್ಲ. ಎಲ್ಲ ಚಕ್ರಗಳೂ ಹಿಡಿದಿದ್ದರೆ ಮಾಸ್ಟರ್ ಸಿಲಿಂಡರಿನ ವಾಪಸಾತಿ ರಂಧ್ರ ಮುಚ್ಚಿದೆ, ಇಲ್ಲವೇ ಪುಷ್ ರಾಡ್ ಉದ್ದವಾಗಿ ಪೆಡಲಿಗೆ ಆಟವೇ ಉಳಿದಿಲ್ಲ. ಬೂಸ್ಟರ್ ಅಥವಾ ಬ್ರೇಕ್ ಲೈಟ್ ಸ್ವಿಚ್ ಬದಲಿಸಿದ ಮೇಲೆ ಈ ತೊಂದರೆ ಶುರುವಾಗಿದೆಯೇ ಎಂದು ನೆನಪಿಸಿಕೊಳ್ಳಿ. ಸ್ವಿಚ್ಚನ್ನು ಅತಿ ಒಳಗೆ ಕೂರಿಸಿದರೆ ಪೆಡಲ್ ಪೂರ್ತಿ ಮೇಲೆ ಬರುವುದಿಲ್ಲ.

ಬ್ಲೀಡರ್ ತೆರೆದರೂ ಚಕ್ರ ಬಿಗಿಯೇ ಇದ್ದರೆ ತೊಂದರೆ ಕ್ಯಾಲಿಪರಿನ ಲೋಹದಲ್ಲಿದೆ. ಪಿಸ್ಟನ್ ತುಕ್ಕು ಹಿಡಿದಿದೆ, ಅಥವಾ ಕ್ಯಾಲಿಪರ್ ಜಾರಿ ಆಡುವ ಗೈಡ್ ಪಿನ್ನುಗಳು ಒಣಗಿವೆ. ಮಲೆನಾಡಿನ ಮಳೆ, ಕೆಸರಿನಲ್ಲಿ ಓಡುವ ಕಾರುಗಳಲ್ಲಿ ಮೊದಲು ನೋಡಬೇಕಾದ್ದು ಗೈಡ್ ಪಿನ್ನಿನ ಹರಿದ ರಬ್ಬರ್ ಬೂಟನ್ನು. ಪಿನ್ ತೆಗೆದು, ಒರೆಸಿ, ಬೂಟ್ ಬದಲಿಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಬೇಕು. ಬೇರಿಂಗಿಗೆ ಹಾಕುವ ಸಾದಾ ಗ್ರೀಸ್ ಹಚ್ಚಿದರೆ ರಬ್ಬರ್ ಊದಿ ಪಿನ್ ಮತ್ತಷ್ಟು ಬಿಗಿಯುತ್ತದೆ. ಎರಡು ಸಲ ಪ್ಯಾಡ್ ಬದಲಿಸಿದಾಗ ಆದದ್ದು ಇದೇ ಇರಬಹುದು, ಕೇಳಿ ನೋಡಿ. ಪಿಸ್ಟನ್ ಮೇಲೆ ತುಕ್ಕಿನ ಗುಳಿ ಬಿದ್ದಿದ್ದರೆ ಉಜ್ಜಿ ಹಾಕುವುದು ಬೇಡ, ಬದಲಿಸಿ. ಅಷ್ಟು ಕಾದ ಮೇಲೆ ಹೋಸ್, ಬ್ರೇಕ್ ಆಯಿಲ್, ಚಕ್ರದ ಬೇರಿಂಗ್ ಕೂಡ ತಪಾಸಣೆಯಾಗಲೇಬೇಕು.

ದಾರಿಯಲ್ಲಿ ಹೊಗೆ ಕಂಡರೆ: ನಿಧಾನಿಸಿ, ಒಣಹುಲ್ಲು, ಎಲೆ ಇಲ್ಲದ ಕಡೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಹಿಂದಿನ ಚಕ್ರ ಕಾದಿದ್ದರೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಕಲ್ಲು ಒತ್ತಿಡಿ. ಕಾದ ಡಿಸ್ಕಿಗೆ ನೀರು ಹೊಯ್ಯಬೇಡಿ, ಬಿರುಕು ಬಿಡುತ್ತದೆ. ಮುಕ್ಕಾಲು ಗಂಟೆ ಆರಲು ಬಿಡಿ. ಆರಿದ ಮೇಲೆ ಮತ್ತೆ ಓಡಿಸಿಕೊಂಡು ಹೋಗುವ ಆಸೆ ಬರುತ್ತದೆ, ಯಾಕೆಂದರೆ ತಣ್ಣಗಾದಾಗ ಚಕ್ರ ಸಡಿಲಾಗುತ್ತದೆ. ಹತ್ತು ಕಿಲೋಮೀಟರಿಗೆ ಮತ್ತೆ ಹಿಡಿಯುತ್ತದೆ.

ಪ್ರಶ್ನೆ: ಬ್ರೇಕ್ ಆಯಿಲ್ ಕಡಿಮೆಯಾಗಿತ್ತೆಂದು ನಮ್ಮ ಡ್ರೈವರ್ ಅದರ ಡಬ್ಬಿಗೆ ಎಂಜಿನ್ ಆಯಿಲ್ ಸುರಿದಿದ್ದಾರೆ. ಸಣ್ಣ ಪ್ರಮಾಣವೇ. ತೆಗೆದರೆ ಸಾಕೇ? (ಕಲಬುರಗಿ)

ಉತ್ತರ: ಪೆಡಲ್ ಒತ್ತಿದ್ದಾರೆಯೇ ಇಲ್ಲವೇ ಎಂಬುದರ ಮೇಲೆ ಎಲ್ಲ ನಿಂತಿದೆ. ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಣ್ಣೆಯೇ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಬ್ರೇಕಿನ ರಬ್ಬರುಗಳು ಅದಕ್ಕೆ ಹೊಂದುವಂತೆ ಮಾಡಿದವು. ಖನಿಜ ತೈಲ ತಾಗಿದರೆ ಅವು ನೆನೆದ ಕಡಲೆಯಂತೆ ಊದಿಕೊಳ್ಳುತ್ತವೆ. ಊದಿದ ರಬ್ಬರು ಮಾಸ್ಟರ್ ಸಿಲಿಂಡರಿನ ವಾಪಸಾತಿ ರಂಧ್ರ ಮುಚ್ಚುತ್ತದೆ, ನಾಲ್ಕೂ ಚಕ್ರ ಒಟ್ಟಿಗೆ ಜಾಮ್ ಆಗುತ್ತವೆ. ಬೆಂಕಿಗೆ ಇದಕ್ಕಿಂತ ನೇರ ದಾರಿ ಬೇರಿಲ್ಲ.

ಪೆಡಲ್ ಒತ್ತಿಲ್ಲದಿದ್ದರೆ ಇನ್ನೂ ಒತ್ತಬೇಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಸಿರಿಂಜಿನಿಂದ ಡಬ್ಬಿಯನ್ನು ಬರಿದು ಮಾಡಿ, ಡಬ್ಬಿ ಬಿಚ್ಚಿ ಬ್ರೇಕ್ ಕ್ಲೀನರಿನಿಂದ ತೊಳೆದು ಪೂರ್ತಿ ಒಣಗಿಸಿ, ಮುಚ್ಚಳದ ರಬ್ಬರನ್ನೂ ಡಬ್ಬಿ ಕೂರುವ ರಬ್ಬರುಗಳನ್ನೂ ಬದಲಿಸಿ, ಹೊಸ ದ್ರವ ತುಂಬಿ ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿಸಿ, ಅಂದರೆ ಹಳೆಯ ದ್ರವ, ಗಾಳಿಯನ್ನು ಹೊರಹಾಕಿಸಿ. ಸಣ್ಣ ಕಾರಿಗೆ ಒಂದು ಲೀಟರ್ ಸಾಕು.

ಒತ್ತಿ ಓಡಿಸಿದ್ದರೆ ಖರ್ಚಿನ ಕೆಲಸ. ಮೊದಲು ಪರೀಕ್ಷೆ: ಪ್ರತಿ ಚಕ್ರದ ಬ್ಲೀಡರಿನಿಂದ ಸ್ವಲ್ಪ ದ್ರವ ತೆಗೆದು ನೀರಿರುವ ಗಾಜಿನ ಲೋಟಕ್ಕೆ ಬಿಡಿ. ಬ್ರೇಕ್ ಆಯಿಲ್ ನೀರಿನಲ್ಲಿ ಕರಗುತ್ತದೆ, ಎಂಜಿನ್ ಆಯಿಲ್ ಮೇಲೆ ತೇಲುತ್ತದೆ. ತೇಲಿದರೆ ಮಾಸ್ಟರ್ ಸಿಲಿಂಡರ್, ಕ್ಯಾಲಿಪರ್ ಸೀಲ್, ಹಿಂದಿನ ವೀಲ್ ಸಿಲಿಂಡರ್, ಎಲ್ಲ ರಬ್ಬರ್ ಹೋಸ್, ಎಬಿಎಸ್ ಘಟಕ, ಎಲ್ಲವೂ ಬದಲಾಗಬೇಕು. ಎಬಿಎಸ್ ಘಟಕದ ಬೆಲೆ ನೋಡಿ ಅದನ್ನು ಬಿಟ್ಟುಬಿಡುವ ಮನಸ್ಸಾಗುತ್ತದೆ. ಬಿಡಬೇಡಿ, ಅದರೊಳಗೂ ಅದೇ ರಬ್ಬರಿದೆ. ಪವರ್ ಸ್ಟಿಯರಿಂಗ್ ಆಯಿಲ್ ಸುರಿದರೂ ಇದೇ ಗತಿ.

ಪ್ರಶ್ನೆ: ಬ್ರೇಕ್ ಆಯಿಲ್ ಎಷ್ಟು ದಿನಕ್ಕೆ ಬದಲಿಸಬೇಕು? ಸೋರಿಕೆ ಇಲ್ಲ. (ಬಾಗಲಕೋಟೆ)

ಉತ್ತರ: ಎರಡು ವರ್ಷಕ್ಕೊಮ್ಮೆ, ಕಾರು ಓಡಲಿ ಬಿಡಲಿ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ ಎಂಬುದು ಬ್ರೇಕ್ ಆಯಿಲಿನ ದರ್ಜೆ. ಡಾಟ್ 3 ದ್ರವ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹಿಡಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ತೇವ ಹಿಡಿದ ಅಂಕಿ ಎಂದರೆ ಸುಮಾರು 3.7 ಶೇಕಡಾ ನೀರು ಸೇರಿದ ಸ್ಥಿತಿ. ಕುದಿದರೆ ಪೆಡಲ್ ನೆಲ ಮುಟ್ಟುತ್ತದೆ. ಮೊದಲ ಉತ್ತರದಲ್ಲಿ ಹೇಳಿದ ಓ-ರಿಂಗ್ ಹಾಳಾಗಲು ಕಾರಣವಾದ ತೇವವೂ ಇದೇ. ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯನ್ನೇ ಹಾಕಿ. ಡಾಟ್ 5 ಸಿಲಿಕೋನ್ ದ್ರವ, ಬೆರೆಸಬೇಡಿ. ತೆರೆದಿಟ್ಟು ತಿಂಗಳುಗಳಾದ ಬಾಟಲಿಯದ್ದನ್ನು ಬಳಸಬೇಡಿ.

ಪ್ರಶ್ನೆ: ಶಿರಾಡಿ ಘಾಟಿ ಇಳಿದ ಮೇಲೆ ಲಾರಿಯ ಹಿಂದಿನ ಟೈರಿಗೆ ಬೆಂಕಿ ಬೀಳುತ್ತದೆ. ಇಳಿಯುವಾಗ ಬಿದ್ದಿಲ್ಲ, ನಿಲ್ಲಿಸಿ ಚಹಾ ಕುಡಿಯುವಾಗ ಬಿತ್ತು ಎನ್ನುತ್ತಾರೆ. ಹೇಗೆ? (ಸಕಲೇಶಪುರ)

ಉತ್ತರ: ನಿಜವೇ ಹೇಳುತ್ತಾರೆ. ಓಡುವಾಗ ಗಾಳಿ ಡ್ರಮ್ಮನ್ನು ತಣಿಸುತ್ತಿರುತ್ತದೆ. ನಿಲ್ಲಿಸಿದ ಕೂಡಲೇ ಗಾಳಿ ನಿಂತು, ಡ್ರಮ್ಮಿನಲ್ಲಿ ತುಂಬಿದ ಶಾಖವೆಲ್ಲ ರಿಮ್ಮಿಗೆ, ಅಲ್ಲಿಂದ ಟೈರಿನ ಅಂಚಿಗೆ ಇಳಿಯುತ್ತದೆ. ಹತ್ತು ಹದಿನೈದು ನಿಮಿಷದ ಮೇಲೆ ಹೊತ್ತಿಕೊಳ್ಳುವುದು ಹೀಗೆ. ಆದ್ದರಿಂದ ಘಾಟಿ ಮುಗಿದೊಡನೆ ನಿಲ್ಲಿಸುವ ಬದಲು ಸಮತಟ್ಟು ರಸ್ತೆಯಲ್ಲಿ ಬ್ರೇಕ್ ಮುಟ್ಟದೆ ಕೆಲವು ಕಿಲೋಮೀಟರ್ ನಿಧಾನಕ್ಕೆ ಓಡಿಸಿ ತಣಿಸಿ. ಹೊಗೆ ಕಾಣುತ್ತಿದ್ದರೆ ಮಾತ್ರ ತಕ್ಷಣ ನಿಲ್ಲಿಸಬೇಕು, ಪೆಟ್ರೋಲ್ ಬಂಕ್, ಬೇರೆ ಲಾರಿಗಳ ಸಾಲು ಬಿಟ್ಟು.

ಇಳಿಯುವಾಗ, ಹತ್ತಲು ಹಾಕುತ್ತಿದ್ದ ಗೇರಿನಲ್ಲಿ ಅಥವಾ ಅದಕ್ಕೂ ಕೆಳಗಿನದರಲ್ಲಿ, ಎಗ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ವ್ಯವಸ್ಥೆ) ಹಾಕಿಕೊಂಡು ಇಳಿಯಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು ಇಡೀ ಲೋಡಿನ ಭಾರವನ್ನು ಲೈನರಿನ ಮೇಲೆ ಹೇರಿದಂತೆ. ಬ್ರೇಕ್ ಒತ್ತಿದಾಗ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡಿ. ಹಗುರವಾಗಿ ಒತ್ತಿಕೊಂಡೇ ಇಳಿದರೆ ಡ್ರಮ್ ಆರಲು ಪುರಸೊತ್ತೇ ಸಿಗುವುದಿಲ್ಲ.

ಒಂದೇ ಚಕ್ರ ಮತ್ತೆ ಮತ್ತೆ ಕಾಯುತ್ತಿದ್ದರೆ ಅದು ಘಾಟಿಯ ತಪ್ಪಲ್ಲ. ಏರ್ ಬ್ರೇಕಿನಲ್ಲಿ ಗಾಳಿಯ ಒತ್ತಡವೇ ಪಾರ್ಕಿಂಗ್ ಸ್ಪ್ರಿಂಗನ್ನು ಹಿಂದಕ್ಕೆ ಹಿಡಿದಿರುತ್ತದೆ. ಚೇಂಬರಿನಲ್ಲಿ ಸೋರಿಕೆಯಿದ್ದರೆ, ಅಥವಾ ಒತ್ತಡ ಪೂರ್ತಿ ಏರುವ ಮೊದಲೇ ಹೊರಟರೆ, ಸ್ಪ್ರಿಂಗ್ ಅರ್ಧ ಹಿಡಿದುಕೊಂಡೇ ಲಾರಿ ಓಡುತ್ತದೆ. ಎಂಜಿನ್ನಿನ ಬಲದ ಮುಂದೆ ಡ್ರೈವರಿಗೆ ಅದು ಗೊತ್ತೇ ಆಗುವುದಿಲ್ಲ. ಅತಿ ಬಿಗಿ ಮಾಡಿದ ಸ್ಲ್ಯಾಕ್ ಅಡ್ಜಸ್ಟರ್ (ಬ್ರೇಕಿನ ಸಡಿಲ ಸರಿಪಡಿಸುವ ತೋಳು), ಮುರಿದ ಶೂ ಸ್ಪ್ರಿಂಗ್, ಸಿಕ್ಕಿಕೊಂಡ ರಿಲೇ ವಾಲ್ವ್ (ಹಿಂದಿನ ಬ್ರೇಕಿಗೆ ಗಾಳಿ ಬಿಡುವ ಕವಾಟ) ಉಳಿದ ಕಾರಣಗಳು. ಜೋಡಿ ಟೈರಿನಲ್ಲಿ ಒಳಗಿನದು ಪಂಚರಾಗಿ ಪಕ್ಕದ್ದಕ್ಕೆ ಉಜ್ಜಿದರೂ ಬೆಂಕಿ ಬರುತ್ತದೆ, ದೂರದಿಂದ ಬ್ರೇಕ್ ಜಾಮ್ ಎಂದೇ ಕಾಣುತ್ತದೆ. ಹೊರಟ ಹತ್ತು ಕಿಲೋಮೀಟರಿಗೆ ಒಮ್ಮೆ ಇಳಿದು ಅಂಗೈಯ ಹಿಂಬದಿಯನ್ನು ಪ್ರತಿ ಹಬ್ಬಿನ ಹತ್ತಿರ ಹಿಡಿಯಿರಿ, ಮುಟ್ಟಬೇಡಿ. ಬೇರೆಯವುಗಳಿಗಿಂತ ಬಿಸಿ ಇರುವ ಚಕ್ರವೇ ಮುಂದೆ ಹೊತ್ತಿಕೊಳ್ಳುವ ಚಕ್ರ.

ಉರಿಯುವ ಟೈರಿನ ಪಕ್ಕಕ್ಕೆ ಎದುರಾಗಿ ಯಾರನ್ನೂ ನಿಲ್ಲಲು ಬಿಡಬೇಡಿ. ಅದು ಸ್ಫೋಟಿಸುವುದು ಪಕ್ಕಕ್ಕೇ. ಪುಡಿಯ ಸಿಲಿಂಡರ್ ಜ್ವಾಲೆ ಆರಿಸಿದರೂ ಶಾಖ ಇಳಿಸದು, ಮತ್ತೆ ಹೊತ್ತುತ್ತದೆ. ಟೈರಿನ ಬೆಂಕಿಗೆ ಬೇಕಾದ್ದು ಬಹಳ ನೀರು. 112ಕ್ಕೆ ಕರೆ ಮಾಡಿ, ಜನರನ್ನು ದೂರ ಸರಿಸಿ.

ಪ್ರಶ್ನೆ: ಕಂಪನಿ ದೋಷವನ್ನು ಒಪ್ಪದಿದ್ದರೆ ಸರ್ಕಾರ ಬಲವಂತವಾಗಿ ರೀಕಾಲ್ ಮಾಡಿಸಬಹುದೇ? (ತುಮಕೂರು)

ಉತ್ತರ: ಮಾಡಿಸಬಹುದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 110ಎ ಕಲಮು ಆ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆದೇಶವಾದರೆ ಕಂಪನಿ ಹಣ ಮರಳಿಸಬೇಕು, ಇಲ್ಲವೇ ವಾಹನ ಬದಲಿಸಿ ಅಥವಾ ರಿಪೇರಿ ಮಾಡಿ ಕೊಡಬೇಕು, ಜೊತೆಗೆ ದಂಡ. 2021ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಂತೆ ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಏಳು ವರ್ಷದೊಳಗಿನ ವಾಹನಗಳಿಗೆ ಇದು ಅನ್ವಯ.

ಆ ಮಾದರಿಯ ಮಾರಾಟಕ್ಕೆ ತಕ್ಕಂತೆ ಇಂತಿಷ್ಟು ದೂರು ಬಂದರೆ ಕ್ರಮ ಶುರುವಾಗುತ್ತದೆ. ಹಾಗಾಗಿ ಸರ್ವಿಸ್ ಸೆಂಟರಿನಲ್ಲಿ ಜಗಳವಾಡಿ ಬಂದರೆ ಲೆಕ್ಕಕ್ಕೆ ಬರುವುದಿಲ್ಲ. ಸಾರಿಗೆ ಸಚಿವಾಲಯದ ಪೋರ್ಟಲಿನಲ್ಲಿ ದೂರು ದಾಖಲಿಸಿ. ಎಷ್ಟು ಕಿ.ಮೀ. ಓಡಿತ್ತು, ಯಾವ ದೀಪ ಹತ್ತಿತು, ಎಲ್ಲಿಂದ ಹೊಗೆ ಬಂತು ಎಂದು ಬರೆಯಿರಿ. ಗ್ರಾಹಕ ಸಹಾಯವಾಣಿ 1915. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಉತ್ಪನ್ನ ಹೊಣೆಗಾರಿಕೆಯ ಪರಿಹಾರವನ್ನೂ ಕೇಳಬಹುದು. ವಾಹನ ಈಗಾಗಲೇ ಸುಟ್ಟಿದ್ದರೆ ಗುಜರಿಗೆ ಕೊಡಲು ಅವಸರ ಮಾಡಬೇಡಿ. ಫ್ಯೂಸ್ ಬಾಕ್ಸ್, ಎಬಿಎಸ್ ಘಟಕ ಇದ್ದ ಜಾಗದ ಫೋಟೋ, ಅಗ್ನಿಶಾಮಕ ದಳದ ವರದಿ, ಸರ್ವಿಸ್ ಬಿಲ್ಲುಗಳು ನಿಮ್ಮ ಸಾಕ್ಷಿ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ನಿಮ್ಮ ಕಾರು ಸುಟ್ಟ ನಷ್ಟಕ್ಕೆ ಹಣ ಬರುವುದಿಲ್ಲ.

ಪ್ರಶ್ನೆ: ಕಾರಿನಲ್ಲಿ ಯಾವ ಅಗ್ನಿಶಾಮಕ ಇಡಬೇಕು? ಬಾನೆಟ್‌ನಿಂದ ಹೊಗೆ ಬಂದರೆ ತೆರೆಯಬಹುದೇ? (ದಾವಣಗೆರೆ)

ಉತ್ತರ: ಒಂದು ಕಿಲೋದ ಎಬಿಸಿ ಪುಡಿಯ ಸಿಲಿಂಡರ್. ಡಿಕ್ಕಿಯಲ್ಲಿ ಅಲ್ಲ, ಡ್ರೈವರಿನ ಕೈಗೆ ಸಿಗುವಂತೆ. ಮಾಪಕದ ಮುಳ್ಳು ಹಸಿರಿನಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಬಾನೆಟ್ಟನ್ನು ಪೂರ್ತಿ ಎತ್ತಬೇಡಿ, ಗಾಳಿ ನುಗ್ಗಿ ಜ್ವಾಲೆ ಮುಖಕ್ಕೆ ಹೊಡೆಯುತ್ತದೆ. ಒಳಗಿನ ಲಿವರ್ ಎಳೆದು, ಎದ್ದ ಸಂದಿಯಿಂದಲೇ ಪುಡಿ ಸಿಂಪಡಿಸಿ. ಒಂದು ಕಿಲೋ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಮುಗಿದರೂ ಬೆಂಕಿ ಆರದಿದ್ದರೆ ಬಿಟ್ಟು ದೂರ ಹೋಗಿ, ಲಗೇಜು ತೆಗೆಯಲು ಹಿಂದಿರುಗಬೇಡಿ.